ಒದ್ದೆ ನೆಲದ ಮೇಲೆ ನಡೆದ ಬೆಕ್ಕು: ಆಸ್ಪತ್ರೆಯಲ್ಲಿ ಮೂರು ರಾತ್ರಿ, ಮನೆಯಲ್ಲಿ ಎರಡು ವಾರ

ನಮ್ಮ ಬೆಕ್ಕು ಬೆಳ್ಳಿಯ ಕುತ್ತಿಗೆಗೆ ಹಾಕಿದ್ದ ಪ್ಲಾಸ್ಟಿಕ್ ಕಾಲರ್ ಮೊನ್ನೆ ತೆಗೆದರು. ಈಗ ಕಿಟಕಿಯಲ್ಲಿ ಬಿಸಿಲು ಕಾಯಿಸಿಕೊಂಡು ಮಲಗಿದ್ದಾಳೆ. ಎರಡೂವರೆ ವಾರದ ಹಿಂದೆ, ಒಂದು ಶನಿವಾರ ರಾತ್ರಿ, ಇವಳು ಉಳಿಯುತ್ತಾಳೋ ಇಲ್ಲವೋ ಅನ್ನುವ ಸ್ಥಿತಿ ಇತ್ತು. ಆ ರಾತ್ರಿ ಏನೂ ಗೊತ್ತಾಗದೆ ನಾನು ನಾಲ್ಕು ಗಂಟೆ ಕಳೆದುಕೊಂಡೆ. ಮನೆಯಲ್ಲಿ ಬೆಕ್ಕೋ ನಾಯಿಯೋ ಇರುವವರು ಯಾರಾದರೂ ಇದನ್ನು ಓದಿ ಆ ನಾಲ್ಕು ಗಂಟೆ ಉಳಿಸಿಕೊಂಡರೆ ಸಾಕು ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಅವತ್ತು ಸಂಜೆ 5 ಗಂಟೆಗೆ ಅಡುಗೆಮನೆಯ ನೆಲಕ್ಕೆ ಎಣ್ಣೆ ಚೆಲ್ಲಿತ್ತು. ಜಿಡ್ಡು ಹೋಗಲಿ ಎಂದು ಸಿಂಕ್ ಕೆಳಗಿದ್ದ ಪಾತ್ರೆ ತೊಳೆಯುವ ಲಿಕ್ವಿಡ್ ಬಾಟಲಿ ತೆಗೆದು ನೇರವಾಗಿ ನೆಲಕ್ಕೇ ಸುರಿದೆ. ನಿಂಬೆಯ ವಾಸನೆ, ಸ್ವಲ್ಪ ನೊರೆ. ಒರೆಸಿ ಫ್ಯಾನ್ ಹಾಕಿ ಹೊರಗೆ ಬಂದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಬೆಳ್ಳಿ ಅದರ ಮೇಲೆಯೇ ನಡೆದು ಹೋಗಿದ್ದಳು. ಹಾಲ್‌ನ ಒಣ ನೆಲದ ಮೇಲೆ ಅವಳ ಹೆಜ್ಜೆಗಳು ಸಾಲಾಗಿ ಬಿದ್ದಿದ್ದವು. ಒಂದು ದೊಡ್ಡ ಚುಕ್ಕಿ, ಅದರ ಮುಂದೆ ನಾಲ್ಕು ಸಣ್ಣ ಚುಕ್ಕಿ. ಒಣಗುತ್ತಾ ಬಂದಂತೆ ಪ್ರತಿ ಚುಕ್ಕಿಯ ಅಂಚು ಬೆಳ್ಳಗೆ ಎದ್ದು ಕಾಣುತ್ತಿತ್ತು. ಅವಳು ಸೋಫಾ ಮೇಲೆ ಕೂತು, ಕಾಲ್ಬೆರಳು ಅಗಲಿಸಿ, ಸಂದಿಯಲ್ಲೆಲ್ಲ ನಾಲಗೆ ಹಾಕಿ ನೆಕ್ಕಿಕೊಳ್ಳುತ್ತಿದ್ದಳು. ಬೆಕ್ಕು ಪಾದ ನೆಕ್ಕಿಕೊಳ್ಳುವುದು ದಿನಾ ನೋಡುವ ವಿಷಯ ಅಲ್ವಾ? ನಾನು ಹೆಜ್ಜೆ ಗುರುತು ಒರೆಸಿ ಬೇರೆ ಕೆಲಸಕ್ಕೆ ಹೋದೆ.

ರಾತ್ರಿ ಒಂಬತ್ತೂವರೆಗೆ ಊಟ ಹಾಕಿದಾಗ ಮೊದಲ ಸೂಚನೆ ಸಿಕ್ಕಿತು. ಬಟ್ಟಲಿನ ಹತ್ತಿರ ಓಡಿ ಬಂದಳು, ಮೂಸಿದಳು, ಒಂದು ಕಾಳು ಬಾಯಿಗೆ ತೆಗೆದುಕೊಂಡು ತಕ್ಷಣ ಬೀಳಿಸಿದಳು. ಮತ್ತೆ ತೆಗೆದುಕೊಂಡಳು, ಮತ್ತೆ ಬೀಳಿಸಿದಳು. ಆಮೇಲೆ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳಲು ಶುರು ಮಾಡಿದಳು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿದೆ ಅಂದುಕೊಂಡೆ. ಎತ್ತಿಕೊಂಡರೆ ಗಲ್ಲದ ಕೆಳಗಿನ ಕೂದಲೆಲ್ಲ ಒದ್ದೆ. ತುಟಿಯ ತುದಿಯಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು. ಬೆಳ್ಳಿ ಯಾವತ್ತೂ ಜೊಲ್ಲು ಸುರಿಸುವ ಬೆಕ್ಕಲ್ಲ.

ಹತ್ತು ಗಂಟೆಗೆ ನಮ್ಮ ಪಶುವೈದ್ಯೆಗೆ ಫೋನ್ ಮಾಡಿದೆ. ಅವರು ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಅಡುಗೆ ತಿಂದಳಾ? ಚಾಕೊಲೇಟ್? ಮನೆಯಲ್ಲಿ ಲಿಲ್ಲಿ ಹೂ ಇದೆಯಾ? ಯಾರದ್ದಾದರೂ ಮಾತ್ರೆ ಕೆಳಗೆ ಬಿದ್ದಿತ್ತಾ? ಕಾರಿನ ಕೂಲಂಟ್ ಸೋರಿದೆಯಾ? ಎಲ್ಲಕ್ಕೂ ಇಲ್ಲ ಅಂದೆ. ಕೊನೆಗೆ, "ಇವತ್ತು ಮನೆಯಲ್ಲಿ ಏನಾದರೂ ಕ್ಲೀನ್ ಮಾಡಿದಿರಾ?" ಅಂದರು. "ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ನೆಲ ಒರೆಸಿದೆ ಮೇಡಂ" ಅಂದೆ. ಬಾಟಲಿ ತಂದು ಅದರ ಮೇಲಿದ್ದದ್ದನ್ನೆಲ್ಲ ಓದಿ ಹೇಳಿದೆ. ಅಂಥ ಸೋಪಿನಿಂದ ಸ್ವಲ್ಪ ಜೊಲ್ಲು, ಒಂದೆರಡು ಸಲ ವಾಂತಿ ಆಗಬಹುದು, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ನೀರು ಇಡಿ, ಜಾಸ್ತಿ ಆದರೆ ತಕ್ಷಣ ಫೋನ್ ಮಾಡಿ ಅಂದರು. ನಾನು ಹೇಳಿದ ಮಾಹಿತಿಗೆ ಅವರ ಸಲಹೆ ಸರಿಯಾಗಿಯೇ ಇತ್ತು. ನಾನು ಕೊಟ್ಟ ಮಾಹಿತಿಯೇ ತಪ್ಪು.

ಆಮೇಲಿನ ನಾಲ್ಕು ಗಂಟೆ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ನೀರಿನ ಬಟ್ಟಲಿನ ಮುಂದೆ ಕೂತು ನೀರನ್ನೇ ನೋಡುತ್ತಿದ್ದಳು, ಕುಡಿಯುತ್ತಿರಲಿಲ್ಲ. ಮಧ್ಯರಾತ್ರಿ ಕಿವಿ ಮುಟ್ಟಿದರೆ ಕೆಂಡದ ಹಾಗೆ ಬಿಸಿ. "ಜ್ವರ ಬಂದಿದೆ ಕಣೇ, ನಮ್ಮ ಜ್ವರದ ಮಾತ್ರೆಯಲ್ಲಿ ಒಂದು ಚೂರು ಕೊಡು" ಅಂದಳು ಅಮ್ಮ, ಪಾಪ, ಸಂಕಟ ತಾಳಲಾರದೆ. ನಾನು ಪ್ಯಾರಾಸಿಟಮಾಲ್ ಮಾತ್ರೆ ತೆಗೆದು ಚಾಕುವಿನಿಂದ ಕಾಲು ಭಾಗ ಕತ್ತರಿಸಿಯೂ ಆಗಿತ್ತು. ಡಾಕ್ಟರ್ ಮಾತ್ರೆಯ ಬಗ್ಗೆ ಕೇಳಿದ್ದು ನೆನಪಾಗಿ ಕೈ ತಡೆಯಿತು. ಆಮೇಲೆ ಗೊತ್ತಾಯಿತು, ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷವಾಗಬಹುದು. 500 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ ಎಂದರೆ 125. ಬೆಳ್ಳಿಯ ತೂಕ 3.8 ಕೆಜಿ. ನೀವೇ ಲೆಕ್ಕ ಹಾಕಿ. ದಯವಿಟ್ಟು ಬೆಕ್ಕಿಗೆ ಮನುಷ್ಯರ ಜ್ವರದ ಮಾತ್ರೆ ಕೊಡಬೇಡಿ, ಚೂರು ಕೂಡ ಬೇಡ.

ಬೆಳಗಿನ ಜಾವ ಎರಡು ಗಂಟೆಗೆ ನನ್ನ ತಮ್ಮ ಕೆಲಸ ಮುಗಿಸಿ ಮನೆಗೆ ಬಂದ. ನಾನು ಎಲ್ಲ ಹೇಳುತ್ತಾ ಬಾಟಲಿ ತೋರಿಸಿದೆ. ಅವನ ಮುಖ ಬಿಳಿಚಿಕೊಂಡಿತು. "ಅಕ್ಕಾ, ಅದು ಪಾತ್ರೆ ಲಿಕ್ವಿಡ್ ಅಲ್ಲ. ನೆಲ ಒರೆಸೋ ಡಿಸ್‌ಇನ್ಫೆಕ್ಟಂಟ್. ದೊಡ್ಡ ಕ್ಯಾನ್ ಎತ್ತೋಕೆ ಕಷ್ಟ ಅಂತ ಹೋದ ವಾರ ನಾನೇ ಅದಕ್ಕೆ ಸ್ವಲ್ಪ ತುಂಬಿಟ್ಟಿದ್ದೆ" ಅಂದ. ಕ್ಯಾನ್ ಬಾಲ್ಕನಿಯಲ್ಲಿತ್ತು. ಟಾರ್ಚ್ ಹಿಡಿದು ಲೇಬಲ್ ಓದಿದೆವು. ಬೆಂಜಾಲ್ಕೋನಿಯಂ ಕ್ಲೋರೈಡ್, ಕ್ರಿಮಿ ಕೊಲ್ಲುವ ರಾಸಾಯನಿಕ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಬೆರೆಸಿ ಬಳಸಬೇಕು ಎಂದು ಬರೆದಿತ್ತು. ನಾನು ನೀರೇ ಬೆರೆಸದೆ ನೆಲಕ್ಕೆ ಸುರಿದಿದ್ದೆ.

ಮತ್ತೆ ಫೋನ್ ಮಾಡಿದೆ. ಹೆಸರು ಹೇಳುತ್ತಿದ್ದ ಹಾಗೇ ಡಾಕ್ಟರ್ ದನಿ ಬದಲಾಯಿತು. ತಮ್ಮ ಕ್ಲಿನಿಕ್‌ನಲ್ಲಿ ರಾತ್ರಿ ದಾಖಲು ಮಾಡುವ ವ್ಯವಸ್ಥೆ ಇಲ್ಲ, 24 ಗಂಟೆ ತೆರೆದಿರುವ ಪ್ರಾಣಿ ಆಸ್ಪತ್ರೆಗೆ ಈಗಲೇ ಹೊರಡಿ ಅಂದರು. ಹೊರಡುವ ಮೊದಲು ನಾಲ್ಕೂ ಪಾದ ತೊಳೆಯಲು ಹೇಳಿದರು. ಇಷ್ಟು ಹೊತ್ತಾದ ಮೇಲೂ ಕೂದಲಲ್ಲಿ, ಬೆರಳ ಸಂದಿಯಲ್ಲಿ ಉಳಿದಿರುತ್ತದೆ, ನೆಕ್ಕಿದಷ್ಟೂ ಒಳಗೆ ಹೋಗುತ್ತದೆ ಅಂತ. ನಾವು ಗ್ಲೌಸ್ ಹಾಕಿಕೊಂಡು, ಉಗುರು ಬೆಚ್ಚಗಿನ ನೀರಿನಲ್ಲಿ, ಈ ಸಲ ನಿಜವಾದ ಪಾತ್ರೆ ಸೋಪಿನ ಎರಡು ಹನಿ ಹಾಕಿ ತೊಳೆದೆವು. ಬಾಲದ ತುದಿಯೂ ಅಂಟಾಗಿತ್ತು. ಅದನ್ನೂ ತೊಳೆದು ಟವೆಲ್‌ನಲ್ಲಿ ಸುತ್ತಿದೆವು.

ಇಲ್ಲಿ ಒಂದು ಮಾತು. ತಮ್ಮ ತನ್ನ ಫೋನಿನಲ್ಲಿ ಹುಡುಕಿ, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋಣ ಅಂದ. ಡಾಕ್ಟರ್ ಜೋರಾಗಿಯೇ ಬೇಡ ಅಂದರು. ಸುಡುವ ರಾಸಾಯನಿಕ ಒಳಗೆ ಹೋಗುವಾಗ ಗಂಟಲು ಸುಟ್ಟಿರುತ್ತದೆ, ವಾಂತಿಯಾದರೆ ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಬ್ಲೀಚ್, ಟಾಯ್ಲೆಟ್ ಕ್ಲೀನರ್, ಡ್ರೈನ್ ಕ್ಲೀನರ್ ಎಲ್ಲಕ್ಕೂ ಇದೇ ಮಾತು. ಇನ್ನು ಉಪ್ಪಂತೂ ಯಾವ ವಿಷಕ್ಕೂ, ಯಾವ ಪ್ರಾಣಿಗೂ ಬೇಡ. ರಕ್ತದಲ್ಲಿ ಸೋಡಿಯಂ ಏರಿ ಉಪ್ಪೇ ವಿಷವಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕುಡಿಸುವುದನ್ನೂ ಕೆಲವರು ಹೇಳುತ್ತಾರೆ. ನಾಯಿಗೆ ಕೂಡ ಅದನ್ನು ವೈದ್ಯರು ಫೋನಿನಲ್ಲಿ ಅಳತೆ ಹೇಳಿದರೆ ಮಾತ್ರ ಕೊಡಬೇಕು. ಬೆಕ್ಕಿಗೆ ಕೊಡಲೇಬಾರದು, ಹೊಟ್ಟೆಯ ಒಳಪದರ ಕಿತ್ತು ರಕ್ತ ಬರಬಹುದು. ಅಮ್ಮ ಹಾಲು ಕುಡಿಸುತ್ತೇನೆ ಅಂದಾಗಲೂ ಡಾಕ್ಟರ್ ಒಪ್ಪಲಿಲ್ಲ. ನುಂಗಲು ಆಗದ ಬಾಯಿಗೆ ಬಲವಂತವಾಗಿ ಹೊಯ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಆಸ್ಪತ್ರೆ ತಲುಪಿದಾಗ ಮೂರು ಗಂಟೆ. ಕೌಂಟರ್‌ನಲ್ಲಿದ್ದ ಹುಡುಗಿ ಬೆಳ್ಳಿಯ ವಸಡಿನ ಬಣ್ಣ, ಉಸಿರು ನೋಡಿ ಒಳಗೆ ಹೇಳಿ ಬಂದಳು. ನಮಗಿಂತ ಮೊದಲು ಕಾರು ತಗುಲಿದ ನಾಯಿ ಬಂದಿತ್ತು, ಹಾಗಾಗಿ ನಲವತ್ತು ನಿಮಿಷ ಕಾಯಬೇಕಾಯಿತು. ಎಮರ್ಜೆನ್ಸಿಯಲ್ಲಿ ಸರದಿ ಬಂದ ಹೊತ್ತಿನ ಪ್ರಕಾರ ಇರುವುದಿಲ್ಲ, ಯಾರ ಜೀವಕ್ಕೆ ಜಾಸ್ತಿ ಅಪಾಯವೋ ಅವರು ಮೊದಲು. ಗೊತ್ತಿದ್ದರೂ ಮಡಿಲಲ್ಲಿ ಬೆಕ್ಕು ನರಳುವಾಗ ಆ ನಲವತ್ತು ನಿಮಿಷ ಸಹಿಸುವುದು ಕಷ್ಟ.

ಪಕ್ಕದ ಬೆಂಚಿನಲ್ಲಿ ಒಬ್ಬರು ತಮ್ಮ ನಾಯಿಯ ಜೊತೆ ಕೂತಿದ್ದರು. ಅದು ಬಾಲ ಅಲ್ಲಾಡಿಸುತ್ತಾ ನಮ್ಮ ಬುಟ್ಟಿ ಮೂಸಲು ಬರುತ್ತಿತ್ತು. ಮೇಜಿನ ಮೇಲಿದ್ದ ಒಣದ್ರಾಕ್ಷಿ ಕೇಕ್ ತಿಂದುಬಿಟ್ಟಿತ್ತಂತೆ. ಅವರು ಅರ್ಧ ಗಂಟೆಯಲ್ಲಿ ಆಸ್ಪತ್ರೆಗೆ ಬಂದಿದ್ದರು, ಕೇಕಿನ ಡಬ್ಬಿ ಸಮೇತ. ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿಯೂ ಆಗಿತ್ತು. ಆದರೂ ಎರಡು ದಿನ ಡ್ರಿಪ್ ಹಾಕಿ ಇಟ್ಟುಕೊಳ್ಳಬೇಕು ಅಂದಾಗ ಅವರಿಗೆ ಆಶ್ಚರ್ಯ. "ಇಷ್ಟು ಆರಾಮಾಗಿದ್ದಾನಲ್ಲ ಡಾಕ್ಟ್ರೇ?" ಅಂದರು. ದ್ರಾಕ್ಷಿಯ ವಿಷ ಇರುವುದೇ ಹಾಗಂತೆ. ಮೊದಲ ದಿನ ನಾಯಿ ಚೆನ್ನಾಗಿಯೇ ಕಾಣಬಹುದು, ಕಿಡ್ನಿ ಕೈಕೊಡುವುದು ಒಂದರಿಂದ ಮೂರು ದಿನದ ಒಳಗೆ. ಎಷ್ಟು ತಿಂದರೆ ಅಪಾಯ ಅಂತ ಹೇಳಲೂ ಆಗುವುದಿಲ್ಲ. ಕಾರಣ ಬಹುಶಃ ಟಾರ್ಟಾರಿಕ್ ಆಮ್ಲ ಎಂದು ಅಮೆರಿಕದ ಪ್ರಾಣಿ ವಿಷ ತಜ್ಞರು 2021ರಲ್ಲಿ ಬರೆದರು. ಅದು ಒಂದೊಂದು ಹಣ್ಣಿನಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ. ಆ ಡಬ್ಬಿ ಅವರ ಕೈಯಲ್ಲಿ ನೋಡಿದಾಗ ನನಗೆ ಅಳು ಬಂತು. ನಾನೂ ಹತ್ತು ಗಂಟೆಗೇ ಸರಿಯಾದ ಡಬ್ಬಿ ಹಿಡಿದುಕೊಂಡು ಬರಬಹುದಿತ್ತು.

ಒಳಗೆ ಡಾಕ್ಟರ್ ಬೆಳ್ಳಿಯ ಬಾಯಿ ತೆರೆದು ಟಾರ್ಚ್ ಬಿಟ್ಟರು. ನಾಲಗೆಯ ತುದಿ ಮತ್ತು ಎರಡು ಅಂಚು ಕೆಂಪಗೆ, ತೊಗಟೆ ಸುಲಿದ ಹಾಗೆ. ಮೇಲಿನ ಒರಟು ಪದರ ಕಿತ್ತುಬಂದು ಬೂದು ಬಣ್ಣದ ಸಿಪ್ಪೆಯಾಗಿ ಒಂದು ಕಡೆ ಜೋತಾಡುತ್ತಿತ್ತು. ಅಂಗುಳಿನಲ್ಲಿ ಎರಡು ಹುಣ್ಣು. ಪಾದದ ಮೆತ್ತೆಗಳ ನಡುವೆ ಚರ್ಮ ಕೆಂಪಾಗಿತ್ತು. ಜ್ವರ 104.6 ಡಿಗ್ರಿ. ಬೆಕ್ಕಿಗೆ ಸಾಮಾನ್ಯ ಮೈಬಿಸಿ 100.5ರಿಂದ 102.5 ಡಿಗ್ರಿ. ಅವರು ಕೇಳಿದ್ದು ಮೂರೇ ಪ್ರಶ್ನೆ: ಏನು, ಎಷ್ಟು, ಯಾವಾಗ. ಕ್ಯಾನ್ ಕೈಗೆ ಕೊಟ್ಟೆ. ಲೇಬಲ್ಲಿನ ಫೋಟೋ ತೆಗೆದುಕೊಂಡು, ಕಂಪನಿ ಪ್ರಕಟಿಸುವ ಸುರಕ್ಷತಾ ಮಾಹಿತಿ ಹಾಳೆ ಹುಡುಕಿ ಶೇಕಡಾವಾರು ಎಷ್ಟಿದೆ ಎಂದು ನೋಡಿದರು. ಇಂಥ ಉತ್ಪನ್ನಗಳಿಗೆ ಸಾಮಾನ್ಯವಾಗಿ ಆ ಹಾಳೆ ಇರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಶೇ. 7.5ಕ್ಕಿಂತ ಜಾಸ್ತಿ ಇದ್ದರೆ ಆಸಿಡ್ ಸುಟ್ಟ ಹಾಗೆ ಸುಡುತ್ತದೆ. ಬೆಕ್ಕಿನ ಬಾಯಲ್ಲಂತೂ ಶೇ. 2ರಷ್ಟು ತೆಳುವಾಗಿದ್ದರೂ ಹುಣ್ಣಾಗಬಹುದು.

"ಸಂಜೆ ಐದಕ್ಕೆ ನೆಕ್ಕಿದಳು, ಒಂಬತ್ತರ ತನಕ ಆರಾಮಾಗಿದ್ದಳಲ್ಲ?" ಅಂತ ಕೇಳಿದೆ. ಈ ಗುಂಪಿನ ರಾಸಾಯನಿಕದ ಗುಣವೇ ಅದು ಅಂದರು. ಕ್ವಾಟರ್ನರಿ ಅಮೋನಿಯಂ ಎನ್ನುತ್ತಾರೆ. ನೆಲ ಒರೆಸುವ ದ್ರವ, ಒರೆಸುವ ಒದ್ದೆ ಟಿಶ್ಯೂ, ಬಟ್ಟೆ ಮೆದುವಾಗಿಸುವ ಲಿಕ್ವಿಡ್ ಇಂಥ ಹಲವದರಲ್ಲಿ ಇರುತ್ತದೆ. ಹುಣ್ಣು ಏಳಲು ಎರಡು ಗಂಟೆಯಿಂದ ಅರ್ಧ ದಿನ ಬೇಕು. ಅಷ್ಟರಲ್ಲಿ ಮನೆಯವರು ನೆಲ ಒರೆಸಿದ್ದನ್ನೇ ಮರೆತಿರುತ್ತಾರೆ. ನಾಯಿಗಿಂತ ಬೆಕ್ಕಿಗೆ ಜಾಸ್ತಿ ಆಗುವುದಕ್ಕೆ ಒಂದು ಕಾರಣ, ಅದು ದಿನವಿಡೀ ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳುವ ಪ್ರಾಣಿ. ಪಾದಕ್ಕೆ ಹತ್ತಿದ್ದೆಲ್ಲ ಬಾಯಿಗೆ ಹೋಗುತ್ತದೆ.

ಇನ್ನು ಕಾಗದ ಮತ್ತು ದುಡ್ಡಿನ ವಿಷಯ. ದಾಖಲಾತಿ ಫಾರಂ, ಚಿಕಿತ್ಸೆಗೆ ಒಪ್ಪಿಗೆ, ಹೃದಯ ನಿಂತರೆ ಮತ್ತೆ ಬಡಿಯುವಂತೆ ಮಾಡಲು ಪ್ರಯತ್ನಿಸಬೇಕೇ ಬೇಡವೇ ಎನ್ನುವ ಒಂದು ಸಾಲು. ಆ ಸಾಲಿನ ಮುಂದೆ ಟಿಕ್ ಹಾಕುವಾಗ ಕೈ ನಡುಗಿತು. ಈ ಪ್ರಶ್ನೆ ಎಲ್ಲರಿಗೂ ಕೇಳುತ್ತಾರೆ, ನಿಮ್ಮ ಪ್ರಾಣಿ ಸಾಯುತ್ತದೆ ಅಂತ ಅರ್ಥ ಅಲ್ಲ. ಆಮೇಲೆ ಅಂದಾಜು ವೆಚ್ಚದ ಹಾಳೆ ಕೊಟ್ಟರು, ಕಡಿಮೆ ಎಂದರೆ ಇಷ್ಟು, ಜಾಸ್ತಿ ಎಂದರೆ ಇಷ್ಟು ಅಂತ. ಅದರ ಒಂದು ಭಾಗ ಆಗಲೇ ಕಟ್ಟಬೇಕಿತ್ತು. ನಮ್ಮ ಕೊನೆಯ ಬಿಲ್ ಮೇಲಿನ ಅಂಕಿಯ ಹತ್ತಿರವೇ ಹೋಯಿತು, ಹಾಗಾಗಿ ನೀವೂ ಮೇಲಿನ ಅಂಕಿಗೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಔಷಧಿಯ ಖರ್ಚು ನಾನು ಹೆದರಿದಷ್ಟು ಇರಲಿಲ್ಲ. ದುಡ್ಡು ಹೋಗಿದ್ದು ವಾರ್ಡಿನ ದಿನದ ಶುಲ್ಕಕ್ಕೆ, ರಾತ್ರಿಯ ಎಮರ್ಜೆನ್ಸಿ ಶುಲ್ಕಕ್ಕೆ, ಮತ್ತೆ ಮತ್ತೆ ಮಾಡಿದ ರಕ್ತ ಪರೀಕ್ಷೆಗೆ. ಯಾವ ಪರೀಕ್ಷೆ ಯಾಕೆ ಎಂದು ಕೇಳಲು ಸಂಕೋಚ ಬೇಡ. ನಾನು ಕೇಳಿದಾಗ ಎರಡನೇ ದಿನದ ಒಂದು ಪರೀಕ್ಷೆ ಸದ್ಯಕ್ಕೆ ಬೇಡ ಅಂತ ಅವರೇ ಬಿಟ್ಟರು. ವಿಮೆ ಇರುವವರು ಪ್ರತಿ ಸಾಲು ಬಿಡಿಸಿ ಬರೆದ ಬಿಲ್ಲನ್ನೇ ಕೇಳಿ ತೆಗೆದುಕೊಳ್ಳಿ. ಒಟ್ಟು ಮೊತ್ತದ ರಸೀದಿ ಮಾತ್ರ ಇದ್ದರೆ ಮತ್ತೆ ಓಡಾಡಬೇಕಾಗುತ್ತದೆ.

ಬೆಳ್ಳಿಯನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ತಮ್ಮ ಫೋನ್ ಮಾಡಿದ. ಅಡುಗೆಮನೆಗೆ ಬ್ಲೀಚ್ ಸುರಿದು ಉಜ್ಜುತ್ತೇನೆ ಅಂದ. ನರ್ಸ್ ಕೇಳಿಸಿಕೊಂಡು ಬೇಡ ಅಂದರು. ಬರಿ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದರೆ ಸಾಕು, ಒಂದು ರಾಸಾಯನಿಕದ ಮೇಲೆ ಇನ್ನೊಂದು ಸುರಿಯಬಾರದು. ಬ್ಲೀಚ್‌ಗೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ಸೇರಿದರೆ ಕ್ಲೋರಮೈನ್. ಎರಡೂ ಮನುಷ್ಯರ ಶ್ವಾಸಕೋಶವನ್ನೂ ಸುಡುತ್ತವೆ. ಬೆಕ್ಕಿನ ಮೂತ್ರದ ತಟ್ಟೆಯಲ್ಲಿ ಅಮೋನಿಯ ಇದ್ದೇ ಇರುತ್ತದೆ. ನಾನು ಆ ತಟ್ಟೆಯನ್ನು ಬ್ಲೀಚ್‌ನಲ್ಲೇ ತೊಳೆಯುತ್ತಿದ್ದೆ. ಈಗ ಬಿಸಿ ನೀರು, ಸೋಪು ಅಷ್ಟೇ.

ವಾರ್ಡಿನ ಮೂರು ದಿನದಲ್ಲಿ ಭೇಟಿಗೆ ದಿನಕ್ಕೆ ಒಂದು ಗಂಟೆ ಬಿಡುತ್ತಿದ್ದರು. ಮೊದಲ ದಿನ ನೋವಿನ ಇಂಜೆಕ್ಷನ್, ಡ್ರಿಪ್. ಇಂಥ ಸುಟ್ಟ ಗಾಯಕ್ಕೆ ಪ್ರತಿವಿಷ ಎನ್ನುವುದು ಇಲ್ಲ. ನೋವು ತಗ್ಗಿಸಿ, ನೀರು ಆಹಾರ ಒಳಗೆ ಹೋಗುವಂತೆ ನೋಡಿಕೊಂಡು, ಗಾಯ ತಾನೇ ಮಾಯಲು ಬಿಡಬೇಕು. ಎರಡನೇ ದಿನ ಬೆಳಿಗ್ಗೆ ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಕೆ ಹಾಕಿದರು. ಅದನ್ನು ನೋಡಿ ನಾನು ಹೆದರಿದೆ, ಪರಿಸ್ಥಿತಿ ಕೈಮೀರಿತು ಅಂದುಕೊಂಡೆ. ಆದರೆ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಬಂದು ಸೇರಿ ಲಿವರ್ ಕೆಡಬಹುದು, ಅದನ್ನು ತಡೆಯಲು ಮುಂಚೆಯೇ ಹಾಕುವುದು ಎಂದು ವಿವರಿಸಿದರು. ಸಂಜೆ ಹೋದಾಗ ಟೇಪು ಅಂಟಿಸಿದ ಆ ಪುಟ್ಟ ಮುಖ ಎತ್ತಿ ನನ್ನ ಬೆರಳಿಗೆ ಹಣೆ ಒತ್ತಿದಳು. ಜ್ವರ 102ಕ್ಕೆ ಇಳಿದಿತ್ತು.

ಕಾಯುವ ಹೊತ್ತಿನಲ್ಲಿ ನಮ್ಮ ಮಾಮೂಲಿ ಡಾಕ್ಟರ್ ಮೊದಲ ರಾತ್ರಿ ಕೇಳಿದ ಪ್ರಶ್ನೆಗಳೇ ತಲೆಯಲ್ಲಿ ಸುತ್ತುತ್ತಿದ್ದವು. ವಿಚಾರಿಸಲು ಅವರೇ ಫೋನ್ ಮಾಡಿದಾಗ ಒಂದೊಂದಾಗಿ ಯಾಕೆ ಅಂತ ಕೇಳಿದೆ. ಈರುಳ್ಳಿ ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತವೆ. ಬೆಕ್ಕಿಗೆ ಪ್ರತಿ ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು, ಎಂದರೆ ಬೆಳ್ಳಿಯಂಥ ಬೆಕ್ಕಿಗೆ ಸುಮಾರು ಎರಡು ದೊಡ್ಡ ಚಮಚದಷ್ಟು ಹೆಚ್ಚಿದ ಈರುಳ್ಳಿ. ಬೇಯಿಸಿದರೂ ವಿಷ ಹೋಗುವುದಿಲ್ಲ. ಸುಸ್ತು, ಬಿಳಿಚಿದ ವಸಡು, ಕಂದು ಮೂತ್ರ ಕಾಣಿಸುವುದು ಕೆಲವು ದಿನ ಬಿಟ್ಟು, ಹಾಗಾಗಿ ಯಾರೂ ತಾಳೆ ಹಾಕುವುದಿಲ್ಲ. ಲಿಲ್ಲಿಯಾದರೆ ಎಲೆ, ಹೂ, ಮೈಗೆ ಅಂಟಿದ ಪರಾಗ, ಹೂದಾನಿಯ ನೀರು ಯಾವುದೇ ಆಗಲಿ ಬೆಕ್ಕಿನ ಕಿಡ್ನಿ ಕೆಡಿಸುತ್ತದೆ. ಕೂಲಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಎನ್ನುವ ವಿಷ ಇರುತ್ತದೆ, ಸೋರಿದ್ದನ್ನು ನಾಯಿ ಬೆಕ್ಕು ನೆಕ್ಕುತ್ತವೆ. ಅದಕ್ಕೆ ಪ್ರತಿವಿಷ ಇದೆ, ಆದರೆ ಬೆಕ್ಕಿಗೆ ಮೂರು ಗಂಟೆಯೊಳಗೆ ಕೊಡಬೇಕು. ಫಿನಾಯಿಲ್ ಮತ್ತು ಪ್ಯಾರಾಸಿಟಮಾಲ್ ಬೆಕ್ಕಿಗೆ ಇಷ್ಟು ಅಪಾಯ ಯಾಕೆಂದರೆ, ಅಂಥವನ್ನು ಕರಗಿಸಿ ಹೊರಹಾಕಲು ನಮ್ಮ ಲಿವರ್‌ನಲ್ಲಿರುವ ಒಂದು ಕಿಣ್ವ ಬೆಕ್ಕಿನಲ್ಲಿ ಕೆಲಸವೇ ಮಾಡುವುದಿಲ್ಲ.

ನಾಯಿ ಇರುವವರಿಗೆ ಅವರು ಹೇಳಿದ್ದರಲ್ಲಿ ಎರಡು ವಿಷಯ ಬರೆಯಲೇಬೇಕು. ಸಕ್ಕರೆರಹಿತ ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್, ಟೂತ್‌ಪೇಸ್ಟ್‌ಗಳಲ್ಲಿ ಕ್ಸೈಲಿಟಾಲ್ ಇರುತ್ತದೆ, ಲೇಬಲ್ಲಿನಲ್ಲಿ ಇ967 ಎಂದೂ ಬರೆದಿರಬಹುದು. ಪ್ರತಿ ಕಿಲೋಗೆ 0.1 ಗ್ರಾಂ ಹೋದರೂ ನಾಯಿಯ ಮೈಯಲ್ಲಿ ಇನ್ಸುಲಿನ್ ಉಕ್ಕಿ ಅರ್ಧ ಗಂಟೆಯಲ್ಲೇ ಸಕ್ಕರೆ ಕುಸಿಯಬಹುದು. 10 ಕೆಜಿ ನಾಯಿಗೆ ಒಂದೆರಡು ಗಮ್ ಸಾಕಾಗಬಹುದು. ಚಾಕೊಲೇಟ್‌ನ ಥಿಯೋಬ್ರೋಮಿನ್ ನಾಯಿಯ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು. ಪ್ರತಿ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ, 60ರ ಹತ್ತಿರ ಹೋದರೆ ಫಿಟ್ಸ್. ಕಪ್ಪಾಗಿ ಕಹಿಯಾದಷ್ಟೂ ಅಪಾಯ ಜಾಸ್ತಿ, ಕೋಕೋ ಪುಡಿ ಎಲ್ಲಕ್ಕಿಂತ ಕೆಟ್ಟದ್ದು. ಕವರ್ ಇಟ್ಟುಕೊಂಡರೆ ಎಷ್ಟು ಗ್ರಾಂ, ಎಷ್ಟು ಕೋಕೋ ಅಂತ ಡಾಕ್ಟರ್ ಕೂಡಲೇ ಲೆಕ್ಕ ಹಾಕುತ್ತಾರೆ.

ನಾಲ್ಕನೇ ದಿನ ನಳಿಕೆ ತೆಗೆದು ಮನೆಗೆ ಕಳಿಸಿದರು. ತೂಕ 3.4 ಕೆಜಿ. ಕಷ್ಟದ ಭಾಗ ಮುಗಿಯಿತು ಅಂದುಕೊಂಡಿದ್ದೆ, ಇಲ್ಲ. ದಿನಕ್ಕೆ ಆರು ಸಲ ಮೆತ್ತಗಿನ ಊಟ, ಮೂರು ಔಷಧಿ. ಹುಣ್ಣಿನ ಮೇಲೆ ಪದರ ಕಟ್ಟುವ ಸುಕ್ರಾಲ್ಫೇಟ್ ಬೇರೆ ಔಷಧಿಯನ್ನೂ ಮೈಗೆ ಸೇರದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ನಡುವೆ ಎರಡು ಗಂಟೆ ಅಂತರ. ನಾನು, ಅಮ್ಮ, ತಮ್ಮ ಮೂವರೂ ಅಲಾರಂ ಹಂಚಿಕೊಂಡೆವು. ಒಂದು ಹಾಳೆಯಲ್ಲಿ ಕೊಟ್ಟ ಹೊತ್ತು ಬರೆದು ಸಹಿ ಹಾಕುತ್ತಿದ್ದೆವು, ಇಲ್ಲದಿದ್ದರೆ ಇಬ್ಬರೂ ಕೊಟ್ಟುಬಿಡುವ ಭಯ. ಊಟವನ್ನು ಮೈಬಿಸಿಗೆ ಬೆಚ್ಚಗೆ ಮಾಡಿದರೆ ವಾಸನೆ ಹಿಡಿದು ಬರುತ್ತಿದ್ದಳು, ತಣ್ಣಗಿದ್ದರೆ ಮುಖ ತಿರುಗಿಸುತ್ತಿದ್ದಳು.

ಆರನೇ ದಿನ ಅವಳು ಏನೂ ಮುಟ್ಟಲಿಲ್ಲ. ನಾನು ಚಿಕನ್ ಸೂಪ್ ಪ್ಯಾಕೆಟ್ ತಂದು, ಕುದಿಸಿ, ಆರಿಸಿ, ಸಿರಿಂಜ್‌ಗೆ ತುಂಬಿದೆ. ಬಾಯಿಯ ಪಕ್ಕಕ್ಕೆ ತಾಗಿಸುವ ಮೊದಲು ಅಮ್ಮ, "ಅದರ ಹಿಂದೆ ಏನು ಬರೆದಿದೆ ಓದೇ" ಅಂದಳು. ಉಪ್ಪು, ಚಿಕನ್, ಮೂರನೇ ಹೆಸರು ಈರುಳ್ಳಿ ಪುಡಿ, ಐದನೆಯದು ಬೆಳ್ಳುಳ್ಳಿ ಪುಡಿ. ಒಣಗಿಸಿದ ಪುಡಿ ಹಸಿ ಈರುಳ್ಳಿಗಿಂತ ಎಷ್ಟೋ ಪಾಲು ಗಾಢ. ಹುಷಾರಿಲ್ಲದ ಬೆಕ್ಕಿಗೆ ಒಳ್ಳೆಯದು ಅಂತ ಜನ ಕೊಡುವ ಸೂಪು, ಮಕ್ಕಳ ಮಾಂಸದ ಪೇಸ್ಟ್‌ಗಳಲ್ಲಿ ಇದು ಎಷ್ಟೋ ಸಲ ಇರುತ್ತದಂತೆ. ಸಿರಿಂಜ್ ಸಿಂಕ್‌ಗೆ ಖಾಲಿ ಮಾಡಿ ಅಲ್ಲೇ ಕೂತುಬಿಟ್ಟೆ. ಅಮ್ಮ ಉಪ್ಪು ಕೂಡ ಹಾಕದೆ ಬರಿ ನೀರಿನಲ್ಲಿ ಕೋಳಿ ಬೇಯಿಸಿ, ರುಬ್ಬಿ, ಕೈಬೆರಳಿನ ತುದಿಯಲ್ಲಿ ಕೊಟ್ಟಳು. ನೆಕ್ಕಿದಳು. ನೋವಿನ ನಾಲಗೆಯಿಂದ, ತುಂಬಾ ನಿಧಾನವಾಗಿ, ಆದರೆ ನೆಕ್ಕಿದಳು.

ಆಮೇಲೆ ದಿನಕ್ಕಿಷ್ಟು ಸುಧಾರಿಸಿತು. ಹತ್ತನೇ ದಿನಕ್ಕೆ ನಾಲಗೆಯ ಅಂಚು ಗುಲಾಬಿ ಬಣ್ಣಕ್ಕೆ ಬಂತು. ತುದಿಯಲ್ಲಿ ಒಂದು ಸಣ್ಣ ಕಚ್ಚು ಉಳಿದಿದೆ, ಅದು ಹಾಗೇ ಇರಬಹುದು. ಊಟಕ್ಕೇನೂ ತೊಂದರೆ ಇಲ್ಲ ಅಂದಿದ್ದಾರೆ.

ಮನೆಯಲ್ಲಿ ನಾವು ಬದಲಾಯಿಸಿದ್ದು ಹೆಚ್ಚೇನಲ್ಲ. ಯಾವ ದ್ರವವನ್ನೂ ಬೇರೆ ಬಾಟಲಿಗೆ ಹಾಕುವುದಿಲ್ಲ. ನೆಲ ಒರೆಸಿದ ಮೇಲೆ ಬರಿ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಒಣಗುವ ತನಕ ಬಾಗಿಲು ಹಾಕುತ್ತೇವೆ. ಅಪ್ಪಿತಪ್ಪಿ ಅವಳು ತುಳಿದರೆ ಮೊದಲ ಕೆಲಸ ಪಾದ ತೊಳೆಯುವುದು, ಲಕ್ಷಣಕ್ಕೆ ಕಾಯುವುದಿಲ್ಲ. ತಮ್ಮನ ಬ್ಯಾಗಿನಲ್ಲಿದ್ದ ಗಮ್ ಕೂಡ ಈಗ ಮೇಲಿನ ಕಪಾಟಿಗೆ ಹೋಗಿದೆ, ಅವನ ಗೆಳೆಯ ಆಗಾಗ ನಾಯಿ ಕರೆದುಕೊಂಡು ಬರುತ್ತಾನೆ. ಪಶುವೈದ್ಯರ ನಂಬರ್, ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರ್ ಸಿಂಕ್ ಕಪಾಟಿನ ಬಾಗಿಲಿಗೆ ಅಂಟಿಸಿದ್ದೇವೆ. ಕೆಲವು ದೇಶಗಳಲ್ಲಿ ಪ್ರಾಣಿಗಳ ವಿಷಕ್ಕೆಂದೇ ದಿನವಿಡೀ ನಡೆಯುವ ಸಹಾಯವಾಣಿ ಇದೆ, ನೀವಿರುವಲ್ಲಿ ಇದ್ದರೆ ಇವತ್ತೇ ನಂಬರ್ ಹುಡುಕಿಟ್ಟುಕೊಳ್ಳಿ. ಅದೇ ಹಾಳೆಯ ಕೆಳಗೆ ಬೆಳ್ಳಿಯ ತೂಕ ಬರೆದಿದ್ದೇವೆ, ಯಾಕೆಂದರೆ ಯಾರಿಗೆ ಫೋನ್ ಮಾಡಿದರೂ ಅವರು ಕೇಳುವ ಮೊದಲ ಅಂಕಿ ಅದು. ನಿನ್ನೆ ಮತ್ತೆ ತೂಗಿದೆವು. 3.4 ಹೊಡೆದು ಪಕ್ಕದಲ್ಲಿ 3.7 ಅಂತ ಬರೆದೆ.